ಲಾಳಿ ಹಾರಿದ ದಿನ

ಅಮ್ಮನ ಎಡಗಡೆಗೆ ಕೂರುವುದನ್ನು ತಾನು ರೂಢಿ ಮಾಡಿಕೊಂಡುಬಿಟ್ಟಿದ್ದೇನೆ ಎಂಬುದು ಅವಳಿಗೆ ಹೊಳೆದದ್ದು ಆ ಬೆಳಿಗ್ಗೆ, ಹತ್ತಿಯ ಉಂಡೆಯನ್ನು ಬಿಸಿನೀರಿಗೆ ಅದ್ದುತ್ತಿರುವಾಗ. ಊಟಕ್ಕೆ ಕೂತರೆ ಎಡಗಡೆ, ಚಾಪೆ ಹಾಸಿದರೆ ಎಡಗಡೆ, ಬೀದಿಯಲ್ಲಿ ನಡೆದರೂ ಎಡಗಡೆ. ಆ ಕಡೆ ಅಮ್ಮನಿಗೆ ಕಣ್ಣಿಲ್ಲ. ಅಲ್ಲಿದ್ದರೆ ತಾನು ಅಮ್ಮನಿಗೆ ಕಾಣುವುದಿಲ್ಲ. ಆಸರೆಗೆಂದು ಆ ಕಡೆ ಇರುತ್ತಾಳೆ ಎಂದುಕೊಂಡ ಅಕ್ಕಪಕ್ಕದವರು, 'ಎಷ್ಟು ಜೋಪಾನ ಮಾಡ್ತಾಳೆ ನೋಡ್ರೇ' ಎಂದು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವಳ ಕಿವಿಯ ತುದಿ ಬಿಸಿಯಾಗುತ್ತಿತ್ತು. ಕೈ ಹಿಡಿಯಲಿಕ್ಕಲ್ಲ, ಕಣ್ಣು ತಪ್ಪಿಸಲಿಕ್ಕೆ ಎಂದು ತನ್ನೊಳಗೆ ತಾನೇ ಒಮ್ಮೆ ಹೇಳಿಕೊಂಡಳು. ಹೇಳಿಕೊಂಡ ಮೇಲೂ ಎದೆ ಹಗುರಾಗಲಿಲ್ಲ.

"ಬಿಸಿ ಜಾಸ್ತಿ ಆಯ್ತೇನಮ್ಮ?"

ಅಮ್ಮನಿಗೆ ಅದು ಕೇಳಿಸಿರಲಿಲ್ಲ. ಮದುವೆಗೆ ಮುಂಚಿನಿಂದಲೂ ಮಗ್ಗಗಳ ನಡುವೆ ನಿಂತವಳ ಕಿವಿ ಅದು, ಶೆಡ್ಡಿನ ಸದ್ದು ಅದನ್ನು ಎಂದೋ ತಿಂದು ಮುಗಿಸಿತ್ತು. ನೇಕಾರರ ಮಾತೆಲ್ಲ ತುಟಿಯಲ್ಲಿ. ಸಾಲುಮಗ್ಗಗಳು ಖಟಖಟ ಬಡಿಯುವಾಗ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಮುಟ್ಟುವುದಿಲ್ಲ. ಅದಕ್ಕೇ ದನಿಯ ಗೋಜಿಗೆ ಹೋಗದೆ ಬಾಯಿ ಅಗಲಿಸಿ ಆಡುತ್ತಾರೆ. ಈ ಮೂಲೆಯಲ್ಲಿ ಒಬ್ಬಳು ತುಟಿ ಕದಲಿಸಿದರೆ ಆ ಮೂಲೆಯಲ್ಲಿ ಇನ್ನೊಬ್ಬಳು ಹೊಟ್ಟೆ ಹಿಡಿದು ನಗುತ್ತಾಳೆ. ಮಾಲೀಕ ಎದುರಿಗೆ ನಿಂತಿರುವಾಗಲೇ ಅವನ ಅಪ್ಪ ತಾತಂದಿರನ್ನೆಲ್ಲ ಬೈದು ಮುಗಿಸಿರುತ್ತಾರೆ. ಅವನು ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ತಲೆಯಾಡಿಸಿಕೊಂಡು ಹೋಗುತ್ತಾನೆ.

ಮನೆಯಲ್ಲೂ ಅಮ್ಮ ಕೇಳಿಸಿಕೊಳ್ಳುತ್ತಿದ್ದದ್ದು ಕಣ್ಣಿನಿಂದಲೇ. ಹಸಿವು, ಜ್ವರ, ಸುಳ್ಳು, ಯಾವುದಕ್ಕೂ ಮಗಳು ತುಟಿ ಆಡಿಸಿದರೆ ಸಾಕಿತ್ತು. ದನಿ ಹೊರಡಿಸುವ ಪ್ರಮೇಯವೇ ಬರದೆ ಬೆಳೆದಳು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ಆಡಿದ 'ಪ್ರೆಸೆಂಟ್' ಮೇಷ್ಟ್ರಿಗೆ ಕೇಳದೆ, ಬೆಂಚಿನ ಮೇಲೆ ಕೂತೇ ಗೈರುಹಾಜರಾದವಳು. ಡಿಗ್ರಿ ಮುಗಿಸಿ ಹೋದ ಸಂದರ್ಶನಗಳಲ್ಲೂ ಮೀನಿನಂತೆ ಬಾಯಿ ತೆರೆದು ಮುಚ್ಚಿ ಎದ್ದು ಬಂದಿದ್ದಳು. ಶೆಡ್ಡಿನ ಹೆಂಗಸರು ಅವಳಿಗೆ ಇಟ್ಟ ಹೆಸರೇ ಡಿಗ್ರಿ.

ಹತ್ತಿಯನ್ನು ಹಿಂಡಿ, ರೆಪ್ಪೆಗೆ ಅಂಟಿದ ಹಕ್ಕಳೆಯನ್ನು ಮೆಲ್ಲಗೆ ನೆನೆಸಿದಳು. ಒಳಗೆ ಗುಡ್ಡೆಯಿರಲಿಲ್ಲ. ಕೆಂಪಗೆ, ಒದ್ದೆಯಾಗಿ, ಮುಚ್ಚಲಾರದ ಬಾಯಿಯಂತಿತ್ತು. ಅದರ ಕೆಳಗೆ ಕೆನ್ನೆಯ ಮೂಳೆ ಸೊಟ್ಟ ಬಿದ್ದ ಚೊಂಬಿನ ಹಾಗೆ ಒಳಕ್ಕೆ ಹೋಗಿತ್ತು. ದಿನವೂ ನೋಡಿದರೂ ಅದು ರೂಢಿಯಾಗಲಿಲ್ಲ. ಅಮ್ಮನಿಗೆ ತಿಳಿಯಬಾರದೆಂದು ಬೇಗ ಬೇಗ ಹತ್ತಿಯನ್ನು ನೀರಿಗೆ ಅದ್ದುತ್ತಿದ್ದಳು.

"ಏನೇ ಡಿಗ್ರಿ, ನಿಮ್ಮಮ್ಮನ ಮುಖ ತೊಳೀತಿದೀಯೋ, ಸೀದ ಪಾತ್ರೆ ತಿಕ್ತಿದೀಯೋ? ಮೆಲ್ಲಗೇ ಮುಂಡೇದೆ!"

ಕಂಡಿಕೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ನೆಂಟಳೇನಲ್ಲ. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವುದು ಅವಳ ಕೆಲಸ, ಇಡೀ ಬೀದಿಗೆ ಅತ್ತೆಯಾಗಿ ಎಲ್ಲರನ್ನೂ ಬೈಯುವುದು ಅವಳ ಹಕ್ಕು.

"ಕೂತ್ಕೊಳ್ಳಿ ಅತ್ತೆ."

"ಕೂರೋಕಾಗಿದ್ರೆ ನಮ್ಮನೇಲೇ ಕೂರ್ತಿದ್ನಲ್ಲೇ, ಇಲ್ಲಿಗ್ಯಾಕೆ ಬರ್ತಿದ್ದೆ?" ಎಂದು ಸೊಂಟದ ಕೆಳಗೆ ಕೈಯಿಟ್ಟುಕೊಂಡಳು. ಅಲ್ಲಿ ತಟ್ಟೆಯಗಲ ಕಪ್ಪುಗಟ್ಟಿತ್ತು. ಬೀದಿಯ ಹೆಂಗಸರೆಲ್ಲ ಅದನ್ನು ನೋಡಿಯಾಗಿತ್ತು. ಅವಳೇ ಕರೆಕರೆದು ತೋರಿಸಿದ್ದಳು. "ಇವತ್ತು ಆ ವಿಚಾರಣೆ ಸಾಹೇಬ್ರ ಮುಂದೆ ಏನಂತ ಹೇಳ್ಲಿ? ಲಾಳಿ ಹಾರಿ ಕುಂಡಿಗೆ ಬಡೀತು ಸ್ವಾಮಿ ಅಂತ್ಲಾ? ನಾನಿರೋದು ಕಂಡಿಕೆ ಕೋಣೇಲಿ. ಶೆಡ್ಡಿಂದ ಹಾರಿ, ಮೂಲೆ ತಿರುಗಿ, ಬಾಗಿಲು ದಾಟಿ, ನನ್ನೇ ಹುಡುಕ್ಕೊಂಡು ಬಂತಾ ಆ ಲಾಳಿ? ನನ್ನ ಗಂಡನೂ ಅಷ್ಟು ಆಸೆಪಟ್ಟು ಬಂದೋನಲ್ಲ."

ಅವಳ ತುಟಿಯನ್ನೇ ನೋಡುತ್ತಿದ್ದ ಅಮ್ಮ ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ಮುರಿದ ಮೂಳೆ ನೊಂದು ಕೆನ್ನೆ ಹಿಡಿದುಕೊಂಡಳು. ಒಳ್ಳೆ ಕಣ್ಣಿನಲ್ಲೂ ನೀರು ಬಂತು.

"ನಗಾಡಿ, ನಗಾಡಿ. ಜೈಲಲ್ಲೂ ಹಿಂಗೇ ನಗಾಡ್ತಾ ಇರಿ." ಅತ್ತೆಯ ಹಿಂದಿನಿಂದ ಮಿಸ್ತ್ರಿ ಮಾವ ಒಳಗೆ ಬಂದ. ಅಮ್ಮನ ತಮ್ಮ, ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವವನು. ಉಗುರಿನೊಳಗೆ ಸದಾ ಗ್ರೀಸು, ನಾಲಿಗೆಯ ಮೇಲೆ ಸದಾ ಬುದ್ಧಿಮಾತು. ಅಕ್ಕನ ಬಲಗಡೆಗೆ ಕುಕ್ಕರುಗಾಲಲ್ಲಿ ಕೂತು, ಬಾಯಿ ಅಗಲಿಸಿ ಒಂದೊಂದೇ ಮಾತು ಆಡಿದ. "ಅಕ್ಕಾ, ಲಾಳಿ ಹಾರ್ತು. ಅಷ್ಟೇ. ಏನೇ ಕೇಳ್ಲಿ, ಲಾಳಿ ಹಾರ್ತು. ಎಲ್ರೂ ಅದನ್ನೇ ಹೇಳ್ತಾರೆ. ಹೇಳಿದ್ರೆ ನಿನ್ನ ಕಂಡಿಕೆ ಕೋಣೆಗೆ ಹಾಕ್ಕೊಳ್ತೀನಿ ಅಂದಿದಾರೆ ಮಾಲೀಕ್ರು. ಒಂಟಿ ಕಣ್ಣಲ್ಲಿ ಮಗ್ಗ ನಡೆಸೋಕಂತೂ ಆಗಲ್ಲ. ಬೇರೆ ಏನಾದ್ರೂ ಅಂದ್ಯೋ, ಜೈಲಲ್ಲಿ ಆ ಬಣ್ಣದವನ ಪಕ್ಕ ಕೂರಿಸ್ತಾರೆ."

"ನನ್ನ ಕಣ್ಣಿಗೆ ಏನು ತಾಗ್ತು ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಅಲ್ವೇನೋ?" ಎಂದಳು ಅಮ್ಮ. ಕಿವಿ ಕೇಳದವರ ಎತ್ತರದ ದನಿ, ಬೀದಿಯ ಆ ತುದಿಗೂ ಮುಟ್ಟುವಂಥದು.

"ಮೆಲ್ಲಗೆ ಅಕ್ಕಾ!"

"ಮೆಲ್ಲಗೆ ಅನ್ನೋದು ಹೆಂಗಿರುತ್ತೆ ಅಂತ ನನಗೆ ಮರ್ತೇಹೋಗಿದೆ."

ಮಿಸ್ತ್ರಿ ಮಾವ ಸೊಸೆಯ ಕಡೆ ತಿರುಗಿದ. "ನೀನು ಜೊತೇಲಿರು. ಅವಳಿಗೆ ಸಾಹೇಬ್ರ ಮಾತು ತಿಳಿಯಲ್ಲ. ನೀನು ಕೇಳಿ ಅವಳಿಗೆ ಹೇಳು, ಅವಳು ಅಂದಿದ್ದನ್ನ ಅವ್ರಿಗೆ ಹೇಳು. ಏನಂತ ಹೇಳ್ತೀಯ?"

ಅವಳು ತುಟಿ ಆಡಿಸಿದಳು. ಲಾಳಿ ಹಾರ್ತು.

"ದನಿ ತೆಗಿಯೇ ತಾಯಿ. ಅವ್ರೇನು ನೇಕಾರ್ರಲ್ಲ."

*

ಉದ್ದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ನೇಕಾರನ ಕಣತಲೆಗೆ ಲಾಳಿ ಬಡಿದದ್ದು ಎಲ್ಲಕ್ಕೂ ಮೊದಲು. ಲಾಳಿ ಹಾರುವುದು ಶೆಡ್ಡಿನಲ್ಲಿ ಹೊಸದೇನಲ್ಲ. ಗೇಣಿಗಿಂತ ಉದ್ದದ ಮರದ ತುಂಡು, ಎರಡು ತುದಿಗೂ ಉಕ್ಕಿನ ಮೂತಿ. ಹೊಟ್ಟೆಯಲ್ಲಿ ನೂಲು ಹೊತ್ತು ಮಗ್ಗದ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಕಣ್ಣಿಗೆ ಸಿಗದ ವೇಗದಲ್ಲಿ ಓಡಾಡುತ್ತಿರುತ್ತದೆ. ಎಲ್ಲೋ ಒಂದು ಎಳೆ ತೊಡರಿತೋ, ದಾರಿ ತಪ್ಪಿ ಹೊರಗೆ ಚಿಮ್ಮಿತು. ಹಲ್ಲು ಕಳೆದುಕೊಂಡವರು, ಮೂಗು ಒಡೆಸಿಕೊಂಡವರು, ಕಣ್ಣು ಕೊಟ್ಟವರು ಪ್ರತಿ ಶೆಡ್ಡಿನಲ್ಲೂ ಸಿಗುತ್ತಾರೆ. ಉದ್ದಣ್ಣ 'ಅಯ್ಯೋ' ಎನ್ನದೆ ನೆಲಕ್ಕೆ ಕೂತ. ಕೂತವನು ಏಳಲಿಲ್ಲ.

ಮಗ್ಗಗಳಿಗೆ ಜಾಲರಿ ಹಾಕಿಸಿ, ಲಾಳಿ ಹಾರಿದರೂ ಜಾಲರಿಗೆ ಬಡಿದು ಬೀಳಲಿ ಎಂದು ನೇಕಾರರು ಕೇಳಿದರು. "ಜಾಲರಿ ಅಡ್ಡ ಬಂದ್ರೆ ಬಟ್ಟೆ ಹೆಂಗ್ರೋ ಕಾಣುತ್ತೆ? ಮೈಮೇಲೆ ಜ್ಞಾನ ಇಟ್ಕೊಂಡು ಕೆಲಸ ಮಾಡೋದು ಕಲೀರಿ, ಸೂಳೇಮಕ್ಳಾ" ಎಂದ ಮಾಲೀಕ. ಮಾರನೆಯ ಬೆಳಿಗ್ಗೆ ಪಾಳಿಗೆ ಬಂದವರು ಒಬ್ಬೊಬ್ಬರಾಗಿ ಸ್ವಿಚ್ಚು ಆರಿಸಿದರು. ಹಿಂದಿನ ಸಾಲು ನಿಂತಿತು, ನಡುಸಾಲು ನಿಂತಿತು, ಬಾಗಿಲ ಬಳಿಯ ಮಗ್ಗ ಎರಡು ಸಲ ಕೆಮ್ಮಿ ನಿಂತಿತು. ಶೆಡ್ಡು ಕಟ್ಟಿದಾಗಿನಿಂದ ಹಗಲಿನಲ್ಲಿ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ಮಾಡಿನ ತಗಡಿನ ಮೇಲೆ ಹಕ್ಕಿ ನಡೆಯುವ ಸದ್ದು ಕೂಡ ಕೇಳುತ್ತಿತ್ತು. ಹೆಂಗಸರು ರೂಢಿಯಂತೆ ತುಟಿಯಲ್ಲೇ ಮಾತಾಡುತ್ತಿದ್ದರು. "ಏ, ಈಗ ದನಿ ತೆಗೆದೇ ಮಾತಾಡ್ಬೋದು ಕಣ್ರೇ!" ಎಂದು ಕಂಡಿಕೆ ಅತ್ತೆ ಕೂಗಿದಳಂತೆ. ತನ್ನ ದನಿ ತಗಡಿಗೆ ಬಡಿದು ವಾಪಸು ಬಂದದ್ದಕ್ಕೆ ತಾನೇ ಬೆಚ್ಚಿದಳಂತೆ. ಎಲ್ಲರೂ ನಕ್ಕರು. ನಗುತ್ತಲೇ ಹೊರಗೆ ಬಂದು ಗೇಟಿನ ಮುಂದೆ ಕೂತರು.

ಮಧ್ಯಾಹ್ನ ಮಗಳು ಊಟದ ಡಬ್ಬಿ ಹಿಡಿದು ಬಂದಾಗ ರಸ್ತೆಗೆ ಅಡ್ಡಗಟ್ಟೆ ಹಾಕಿದ್ದರು. ಈಚೆ ಪೊಲೀಸರು, ಆಚೆ ನೇಕಾರರು. ಅವಳು ಈಚೆ ಕಡೆಯ ಸೈಕಲ್ ಅಂಗಡಿಯ ಮಗ್ಗುಲಿಗೆ ಸರಿದು ನಿಂತಳು. ಜನದ ನಡುವೆ ಹೋಗಿ 'ಸ್ವಲ್ಪ ದಾರಿ ಬಿಡಿ' ಎನ್ನುವಷ್ಟು ಗಂಟಲು ಅವಳಿಗಿರಲಿಲ್ಲ. ಮೈಕಿನಲ್ಲಿ ಯಾರೋ ಏನೋ ಕೂಗಿದರು. ಅರ್ಧಕ್ಕರ್ಧ ಕಿವುಡರಿದ್ದ ಆ ಗುಂಪಿಗೆ ಅದು ಅರ್ಥವಾಗಲಿಲ್ಲ. ಹೊಗೆಯ ಡಬ್ಬಿಗಳು ಉರುಳಿಕೊಂಡು ಬಂದವು. ಸೆರಗನ್ನೂ ಟವಲನ್ನೂ ಮುಖಕ್ಕೆ ಒತ್ತಿಕೊಂಡು ಜನ ಎದ್ದುಬಿದ್ದು ಓಡಿದರು.

ಓಡುವವರ ನಡುವೆ ಅಮ್ಮ ಕಂಡಳು. ಅಮ್ಮನಿಗೂ ಅವಳು ಕಂಡಳು. ಅಮ್ಮನ ತುಟಿ ಕದಲಿತು. ಮನೆಗೆ ಹೋಗು.

ನೀನೂ ಬಾ, ಎಂದು ಅವಳು ತುಟಿ ಆಡಿಸಿದಳು.

ಹೊಗೆಗೆ ಅಮ್ಮನಿಗೆ ಅದು ತಿಳಿಯಲಿಲ್ಲ. ಕಣ್ಣೊರೆಸಿಕೊಂಡು, ಗಲ್ಲ ಎತ್ತಿ, ಮುಖ ಮುಂದಕ್ಕೆ ಚಾಚಿ 'ಏನು?' ಎಂದು ಕೇಳಿದಳು. ಮಗಳು ಬಾಯಿ ಇನ್ನೂ ಅಗಲಿಸಿ ಮತ್ತೆ ಹೇಳಿದಳು. ನೀನೂ. ಬಾ. ಇಡೀ ರಸ್ತೆಯಲ್ಲಿ ಓಡದೆ ನಿಂತಿದ್ದವಳು ಅಮ್ಮ ಒಬ್ಬಳೇ, ಮಗಳ ತುಟಿ ಓದುತ್ತಾ.

ಸೈಕಲ್ ಅಂಗಡಿಯ ಮುಂದೆಯೇ ಒಬ್ಬ ಪೊಲೀಸು ಒಂದು ಮಂಡಿ ನೆಲಕ್ಕೆ ಊರಿದ್ದ. ಕೈಚಾಚಿದರೆ ಅವನ ಬೆನ್ನು ಸಿಗುವಷ್ಟು ಹತ್ತಿರ. ಬಾಯಲ್ಲಿ ಏನನ್ನೋ ಜಗಿಯುತ್ತಿದ್ದ. ದಪ್ಪ ನಳಿಗೆಯ ಕೋವಿ ಹೆಗಲಿಗಿತ್ತು. ನಳಿಗೆ ನೆಲ ನೋಡುತ್ತಿರಲಿಲ್ಲ. ಜಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದ. ಬಾಟಲಿಯ ಬಿರಡೆ ಕಿತ್ತಂಥ ಸದ್ದಾಯಿತು. ಆಮೇಲೆ ಮತ್ತೆ ಜಗಿದ.

ಅಮ್ಮ ಉದ್ದಣ್ಣನ ಹಾಗೆಯೇ ಕೂತಳು.

*

ಆಸ್ಪತ್ರೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಪೇದೆ ಕೂತಿದ್ದ. ಒಳಗೆ ಹೋಗುವವರ ಗಾಯಗಳನ್ನು ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುವವನಂತೆ ನೋಡುತ್ತಿದ್ದ. ಅಮ್ಮನನ್ನು ಹೊತ್ತು ತಂದವರಿಗಿಂತ ಮುಂದೆ ಇದ್ದವನು ಬಣ್ಣದವನು, ನೂಲಿಗೆ ಬಣ್ಣ ಹಾಕುವವನು. ಮೊಣಕೈವರೆಗೂ ನೀಲಿಯಾದ ಕೈಯಿಂದ ಪಕ್ಕೆ ಅಮುಕಿಕೊಂಡು, ಉಸಿರು ಎಳೆದೆಳೆದು ಬಿಡುತ್ತಿದ್ದ.

"ಏನಾಯ್ತು?"

"ನಿಮ್ಮೋರೇ ಹೊಡೆದ್ರಲ್ಲ ಸ್ವಾಮಿ, ರಬ್ಬರ್ ಗುಂಡು. ಇಲ್ಲಿ, ಪಕ್ಕೆಗೆ."

"ಓಹೋ. ಹಂಗಾದ್ರೆ ಗಲಾಟೇಲಿ ನೀನೂ ಇದ್ದೆ."

ಅಷ್ಟೇ. ಅವನ ನೀಲಿ ಕೈಯನ್ನು ಮಂಚದ ಕಂಬಿಗೆ ಬೇಡಿ ಹಾಕಿ ಮಲಗಿಸಿದರು. ಡಾಕ್ಟರು ಬಂದು ನೋಡಿದ್ದು ಆಮೇಲೆ. ಅಲ್ಲಿಂದ ಅವನನ್ನು ಎತ್ತಿಕೊಂಡು ಹೋದದ್ದು ಜೈಲಿಗೆ. ಅವನ ಹೆಂಡತಿ ಅಂದಿನಿಂದ ಠಾಣೆಯ ಗೇಟಿನಿಂದ ಜೈಲಿನ ಗೇಟಿಗೆ ಅಲೆಯುತ್ತಿದ್ದಾಳೆ.

ಮಿಸ್ತ್ರಿ ಮಾವ ಇದನ್ನೆಲ್ಲ ಕಣ್ಣಾರೆ ಕಂಡ. ಅವನ ಹೆಗಲ ಮೇಲೆ ಅಕ್ಕ, ಅಕ್ಕನ ಮುಖಕ್ಕೆ ಮಗಳ ದುಪಟ್ಟಾ, ದುಪಟ್ಟಾದಿಂದ ತೊಟ್ಟಿಕ್ಕುವ ರಕ್ತ. ಪೇದೆ ಬಾಯಿ ತೆರೆಯುವ ಮೊದಲೇ, "ಲಾಳಿ ಹಾರ್ತು ಸಾರ್! ಶೆಡ್ಡಲ್ಲಿ ಲಾಳಿ ಹಾರ್ತು!" ಎಂದುಬಿಟ್ಟ. ಹುಟ್ಟಿದಾಗಿನಿಂದ ಇಂಥ ರಕ್ತಕ್ಕೆಲ್ಲ ಅದೊಂದೇ ಕಾರಣ ಕೇಳುತ್ತ ಬಂದವನ ಬಾಯಿಗೆ ಆ ಗಡಿಬಿಡಿಯಲ್ಲಿ ಬೇರೆ ಏನು ಬರಬೇಕು? ಹಿಂದೆ ಇದ್ದವರು ಅದನ್ನು ಕೇಳಿಸಿಕೊಂಡರು, ಕೇಳಿಸದವರು ಅವನ ತುಟಿಯಲ್ಲಿ ಓದಿಕೊಂಡರು. ಬಾಯಿಯಿಂದ ಬಾಯಿಗೆ ಸಾಲಿನ ಕೊನೆಯವರೆಗೂ ಅದು ಸದ್ದಿಲ್ಲದೆ ಹೋಯಿತು. ಆ ಸಂಜೆ ಎಲ್ಲರಿಗೂ ಲಾಳಿಯೇ ಹಾರಿತ್ತು. ತೊಡೆಗೆ, ಬೆನ್ನಿಗೆ, ಹೊಟ್ಟೆಗೆ, ಗಂಡಸರ ಹೇಳಬಾರದ ಜಾಗಕ್ಕೆ.

"ಏನಮ್ಮ, ಹೌದಾ?" ಎಂದು ಪೇದೆ ಮಗಳನ್ನು ಕೇಳಿದ. ಅವಳು ತಲೆಯಾಡಿಸಿದಳು.

ಒಳಗೆ ಡಾಕ್ಟರು ದುಪಟ್ಟಾ ಸರಿಸಿ ನೋಡಿದರು. ನಿದ್ದೆಗೆಟ್ಟ ಮನುಷ್ಯ. ದೀಪವನ್ನು ಗಾಯದ ಮೇಲಕ್ಕೆ ಎಳೆದುಕೊಂಡರು. "ಲಾಳಿ ಮೂತಿ ಚೂಪಲ್ವೇನ್ರಿ? ಇದು ಗುಂಡಗಿದೆ" ಎಂದು ಕೊನೆಗೆ ಕೇಳಿದರು. ಕೇಳಿ, ಬಾಗಿಲ ಕಡೆ ಒಮ್ಮೆ ನೋಡಿದರು. ಅಲ್ಲಿ ಪೇದೆಯ ಬೂಟು ಕಾಣುತ್ತಿತ್ತು. "ಆಯ್ತು. ಲಾಳಿ" ಎಂದು ಕೈಗವಸು ಹಾಕಿಕೊಂಡರು.

*

ವಿಚಾರಣೆ ಶೆಡ್ಡಿನೊಳಗೇ ನಡೆಯಿತು. ಮಾಲೀಕ ಎರಡು ಸಾಲು ಮಗ್ಗಗಳ ನಡುವೆ ಮೇಜು ಹಾಕಿಸಿ, ಅದರ ಮೇಲೆ ತಾನೇ ನೇಯಿಸಿದ ಬಟ್ಟೆ ಹೊದಿಸಿ, ತಣ್ಣಗಿನ ನೀರಿನ ಬಾಟಲಿ ಇಟ್ಟಿದ್ದ. ವಿಚಾರಣೆ ಸಾಹೇಬರು ವಯಸ್ಸಾದವರು, ಮೂಗಿನ ಮೇಲೆ ಕರವಸ್ತ್ರ ಹಿಡಿದಿದ್ದರು. ನೂಲಿನ ಧೂಳು ಅವರಿಗೆ ಆಗುವುದಿಲ್ಲವಂತೆ. ಮಾಲೀಕ ಅವರ ಬಲಕ್ಕೆ, ಇನ್‌ಸ್ಪೆಕ್ಟರು ಎಡಕ್ಕೆ. ಗಾಯಗೊಂಡವರಿಗೆ ನೆಲ. ಕಂಡಿಕೆ ಅತ್ತೆಗೆ ಮಾತ್ರ ಅದೂ ಇಲ್ಲ, ಅವಳು ಮಗ್ಗಕ್ಕೆ ಒರಗಿ ನಿಂತಳು.

ಮಗಳು ಅಮ್ಮನನ್ನು ಕೂರಿಸಿ, ಎಡಗಡೆಗೆ ಕೂತಳು.

"ಕಾರ್ಮಿಕರು ಅವತ್ತು ಒಳಗೆ ಕೆಲಸದಲ್ಲಿದ್ರು ಸರ್," ಎಂದು ಇನ್‌ಸ್ಪೆಕ್ಟರು ಶುರುಮಾಡಿದ. "ಗೇಟಿನ ಹತ್ರ ಗಲಾಟೆ ಮಾಡಿದ್ದು ಹೊರಗಿನ ಪುಂಡರು. ಚದುರಿಸೋಕೆ ರಬ್ಬರ್ ಗುಂಡು ಉಪಯೋಗಿಸಿದ್ವಿ. ನೆಲಕ್ಕೆ ಹೊಡೆಯೋದು, ಅಲ್ಲಿಂದ ಪುಟಿದು ಮೊಣಕಾಲಿಗೆ ತಾಗುತ್ತೆ. ಸೊಳ್ಳೆ ಕಚ್ಚಿದಂಗೆ. ಸಾಯೋ ಮಾತೇ ಇಲ್ಲ."

ಜೇಬಿನಿಂದ ಒಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದ. ಹೆಬ್ಬೆರಳಿಗಿಂತ ದಪ್ಪ, ಕಪ್ಪಗೆ. ಅದು ಪುಟಿಯಿತು. ಸಾಹೇಬರು ನಕ್ಕು ಹಿಡಿಯಲು ಹೋದರು, ತಪ್ಪಿತು. ನೆಲಕ್ಕೆ ಬಿದ್ದು, ಉರುಳಿ, ಅಮ್ಮನ ಮಂಡಿಗೆ ಬಂದು ತಾಗಿತು.

ಅಮ್ಮ ಅದನ್ನು ಎತ್ತಿಕೊಂಡಳು. ಅಂಗೈಯಲ್ಲಿ ಇಟ್ಟು ತೂಗಿದಳು. ನೂಲಿಗೆ ಎಣ್ಣೆ ತಾಗಿದೆಯೋ ಎಂದು ನೋಡುವಾಗ ಮಾಡುವ ಹಾಗೆ ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಏಯ್, ಕೊಡಮ್ಮ ಇಲ್ಲಿ. ಅದು ಸರ್ಕಾರದ ಆಸ್ತಿ."

ಅವಳಿಗೆ ಕೇಳಿಸಲಿಲ್ಲ. ಇನ್‌ಸ್ಪೆಕ್ಟರು ಬಂದು ಅವಳ ಬೆರಳು ಬಿಡಿಸಿ ತೆಗೆದುಕೊಂಡು, ಪ್ಯಾಂಟಿಗೆ ಒರೆಸಿ ಜೇಬಿಗೆ ಹಾಕಿದ.

ಒಬ್ಬೊಬ್ಬರನ್ನಾಗಿ ಕರೆದರು. ಲಾಳಿ ಹಾರ್ತು ಸಾರ್. ಲಾಳಿ ಹಾರ್ತು ಸ್ವಾಮಿ. ಹೇಳಿದವರು ಹೇಳಿದ ಕೂಡಲೆ ಶೆಡ್ಡಿನ ನೆಲ ನೋಡುತ್ತಿದ್ದರು.

"ನಿನಗೆಲ್ಲಿ ತಾಗ್ತು?" ಎಂದು ಕಂಡಿಕೆ ಅತ್ತೆಯನ್ನು ಕೇಳಿದರು.

"ಹಿಂದುಗಡೆ ಸ್ವಾಮಿ. ಬೇಕಾದ್ರೆ ತೋರಿಸ್ತೀನಿ. ಇನ್‌ಸ್ಪೆಕ್ಟ್ರು ನೋಡಿ ಗುರುತು ಹಿಡೀಬಹುದು, ಅವ್ರಿಗೆ ಅಭ್ಯಾಸ ಇದ್ದಂಗಿದೆ."

ಹೆಂಗಸರ ಸಾಲಿನಲ್ಲಿ ನಗು ಹರಿದಾಡಿತು. "ಬಾಯಿ ಮುಚ್ಚೇ ಹಾದರಗಿತ್ತಿ!" ಎಂದು ಮಾಲೀಕ ಗದರಿದ. ಸಾಹೇಬರು ಕರವಸ್ತ್ರದ ಹಿಂದಿನಿಂದ ಕೇಳಿದರು, "ಅಲ್ಲ, ಈ ಲಾಳಿ ಅನ್ನೋದು ಇಷ್ಟೊಂದು ಜನಕ್ಕೆ ಒಂದೇ ದಿನ ಹಾರುತ್ತಾ? ಹೇಗೆ ಹಾರುತ್ತೆ ಅದು?"

ಮಾಲೀಕ ಕಣ್ಸನ್ನೆ ಮಾಡಿದ. ಮಿಸ್ತ್ರಿ ಮಾವ ಎದ್ದು ಮೇಜಿನ ಪಕ್ಕದ ಮಗ್ಗದ ಸ್ವಿಚ್ಚು ಹಾಕಿ ಹಿಡಿ ಎಳೆದ. ಖಟ್ ಖಟ್ ಖಟಖಟಖಟ. ನೆಲ ನಡುಗಿತು, ಬಾಟಲಿಯೊಳಗಿನ ನೀರು ನಡುಗಿತು. ಲಾಳಿ ಎಡಕ್ಕೂ ಬಲಕ್ಕೂ ಬರಿಯ ನೆರಳಾಗಿ ಓಡಿತು. ಸಾಹೇಬರು ಕುರ್ಚಿ ಹಿಂದಕ್ಕೆ ಎಳೆದುಕೊಂಡು, "ಸಾಕು ಸಾಕು, ನಿಲ್ಸಿ!" ಎಂದು ಕೈ ಅಡ್ಡ ಹಿಡಿದರು. ಮಾವ ಹಿಡಿ ತಳ್ಳಿದ. ಮಗ್ಗ ನಿಂತಿತು. ಲಾಳಿ ಪೆಟ್ಟಿಗೆಯೊಳಗೆ ಹೋಗಿ, ನಿದ್ದೆಹೋದ ಇಲಿಯ ಹಾಗೆ ಬಿದ್ದುಕೊಂಡಿತು.

ಶೆಡ್ಡಿಗೆ ಶೆಡ್ಡೇ ನಿಶ್ಶಬ್ದವಾಯಿತು. ಮಾಡಿನ ತಗಡಿನ ಮೇಲೆ ಹಕ್ಕಿಯೊಂದು ನಡೆದದ್ದು ಕೇಳಿಸಿತು.

ಮಿಸ್ತ್ರಿ ಮಾವ ಆ ಲಾಳಿಯನ್ನೇ ನೋಡುತ್ತಾ ನಿಂತಿದ್ದ. ಹಿಡಿಯ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ. ಅವನ ಮುಖದ ಬಣ್ಣ ಇಳಿಯುವುದನ್ನು ಸೊಸೆ ಕಂಡಳು. ಅವನು ಕತ್ತೆತ್ತಿದಾಗ ಅವನಿಗೆ ಹೊಳೆದದ್ದೇ ಅವಳಿಗೂ ಹೊಳೆಯಿತು. ಅವನು ತುಟಿ ಆಡಿಸಿದ. ಬೇಡ.

"ಮುಂದಿನೋರು," ಎಂದರು ಸಾಹೇಬರು. "ಏನಮ್ಮ, ನಿನ್ನ ಕಣ್ಣಿಗೆ ಏನಾಯ್ತು?"

ಅವರು ತಲೆ ತಗ್ಗಿಸಿ ಕನ್ನಡಕ ಒರೆಸುತ್ತಾ ಕೇಳಿದ್ದರು, ಬಾಯಿಗೆ ಕರವಸ್ತ್ರ ಬೇರೆ. ಅಮ್ಮ ಒಂಟಿ ಕಣ್ಣನ್ನು ಆ ಕರವಸ್ತ್ರದ ಮೇಲೆ ನೆಟ್ಟು ಕೂತಳು. ಬರಿಯ ಬಟ್ಟೆ, ಓದಲು ಅದರಲ್ಲಿ ಏನೂ ಇರಲಿಲ್ಲ.

"ಕಣ್ಣಿನ ಜೊತೆ ಕಿವೀನೂ ಹೋಯ್ತೇನೋ," ಎಂದ ಇನ್‌ಸ್ಪೆಕ್ಟರು.

"ಇವಳು ಮೊದ್ಲಿಂದ್ಲೂ ಅಜಾಗರೂಕ ಸರ್," ಎಂದ ಮಾಲೀಕ. "ಎಷ್ಟು ಹೇಳಿದ್ರೂ ಲಾಳಿ ಬರೋ ಕಡೆಗೇ ಮುಖ ಕೊಟ್ಟು ನಿಲ್ಲೋಳು. ನಾನಾದ್ರೆ ಕಂಡಿಕೆ ಸುತ್ತೋಕಾದ್ರೂ ಇಟ್ಕೊಳ್ತಿದೀನಿ, ಬೇರೆಯವ್ರು ಬೀದಿಗೆ ತಳ್ತಿದ್ರು. ಮಗಳು ಓದಿದಾಳೆ, ಕೇಳಿ ಹೇಳ್ತಾಳೆ. ಏಯ್ ಹುಡುಗಿ, ಹೇಳು."

ಎಲ್ಲರೂ ಅವಳ ಕಡೆ ತಿರುಗಿದರು. ಎಡಗಡೆ ಕೂತು ಅಮ್ಮನಿಗೆ ಏನು ಹೇಳಿದರೂ ಅದು ಗೋಡೆಗೆ ಹೇಳಿದಂತೆ. ಅವಳು ಎದ್ದಳು. ಅಮ್ಮನ ಮುಂದಿನಿಂದ ಹಾದು, ಬಲಗಡೆಗೆ ಬಂದು, ಎದುರಾಗಿ ಕೂತಳು. ಗುಂಡು ತಾಗಿದ ದಿನದಿಂದೀಚೆಗೆ ಮೊದಲ ಸಲ ಅಮ್ಮನ ಕಣ್ಣು ಅವಳ ಮುಖದ ಮೇಲೆ ಬಿತ್ತು. ಹೊಗೆಯೊಳಗಿಂದ ನೋಡಿದ ಹಾಗೆಯೇ, ಗಲ್ಲ ಎತ್ತಿ, ಮುಖ ಮುಂದಕ್ಕೆ ಚಾಚಿ.

ಏನು?

ಏನು ತಾಗಿತು ಅಂತ ಕೇಳ್ತಿದಾರೆ, ಎಂದು ಅವಳು ತುಟಿಯಲ್ಲಿ ಹೇಳಿದಳು.

ಎತ್ತರದ ದನಿಯ ಅಮ್ಮ ಈ ಸಲ ದನಿ ತೆಗೆಯಲಿಲ್ಲ. ಒಡೆದ ತುಟಿಯನ್ನು ನಿಧಾನಕ್ಕೆ ಆಡಿಸಿದಳು. ನಾನು ನಿನ್ನ ನೋಡ್ತಿದ್ದೆ, ಹೊಡೆದವನನ್ನ ನೋಡಲಿಲ್ಲ. ನೋಡಿದವಳು ನೀನು.

ಹೆಂಗಸರ ಸಾಲು ಅದನ್ನು ಓದಿತು. ಗಂಡಸರ ಸಾಲೂ ಓದಿತು. ಮೇಜಿನ ಹಿಂದಿದ್ದ ಮೂವರಿಗೆ ಮಾತ್ರ ಅಲ್ಲೇನೂ ನಡೆಯಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು.

"ಏನಂದ್ಲು?"

"ಲಾಳಿ ಅಂದ್ಲು ಸರ್," ಎಂದ ಮಾಲೀಕ.

ಅವಳು ಎದ್ದು ನಿಂತು ಮೇಜಿನ ಕಡೆ ತಿರುಗಿದಳು. ಬಾಯಿ ತೆರೆದಳು. ತುಟಿ ಅಗಲವಾಯಿತು, ಮುಚ್ಚಿತು, ಮತ್ತೆ ಅಗಲವಾಯಿತು. ದನಿ ಬರಲಿಲ್ಲ. ಆದರೆ ಎದುರು ಗೋಡೆಗೆ ಒರಗಿ ಕೂತಿದ್ದ ನೇಕಾರನೊಬ್ಬ ಬೆನ್ನು ನೆಟ್ಟಗೆ ಮಾಡಿದ. ಅವನ ಪಕ್ಕದವನು ಎದ್ದು ನಿಂತ. ಮಗ್ಗಕ್ಕೆ ಒರಗಿದ್ದ ಕಂಡಿಕೆ ಅತ್ತೆಯ ಕೈ ಎದೆಗೆ ಹೋಯಿತು. ಅಲ್ಲಿಂದ ಇಲ್ಲಿಂದ ಒಬ್ಬೊಬ್ಬರೇ ಏಳತೊಡಗಿದರು, ಸದ್ದಿಲ್ಲದೆ, ಊರುಗೋಲು ಊರಿಕೊಂಡು, ಪಕ್ಕೆ ಹಿಡಿದುಕೊಂಡು.

"ಯಾಕ್ರೋ ಎದ್ರಿ? ಕೂತ್ಕೊಳ್ರೋ!" ಎಂದು ಇನ್‌ಸ್ಪೆಕ್ಟರು ಲಾಠಿಗೆ ಕೈ ಹಾಕಿದ. "ಏನು ಸನ್ನೆ ಮಾಡಿದ್ಯೇ ನೀನು?"

ಮಾಲೀಕನಿಗೂ ಅರ್ಥವಾಗಲಿಲ್ಲ. ಇಷ್ಟು ವರ್ಷ ಶೆಡ್ಡು ನಡೆಸಿದವನು ಆ ಭಾಷೆಯ ಒಂದಕ್ಷರವನ್ನೂ ಕಲಿತಿರಲಿಲ್ಲ. ಮಿಸ್ತ್ರಿ ಮಾವ ಮಗ್ಗದ ಹಿಡಿಯಿಂದ ಕೈ ತೆಗೆದು, ಅಕ್ಕನ ಹಿಂದೆ ಬಂದು ನಿಂತ.

"ಬರೀ ತುಟಿ ಆಡಿಸ್ತಿದೀಯಲ್ಲಮ್ಮ," ಎಂದರು ಸಾಹೇಬರು, ಕರವಸ್ತ್ರ ಇಳಿಸಿ. "ಓದಿದ ಹುಡುಗಿ ಅಂತಾರೆ. ಜೋರಾಗಿ ಹೇಳು. ಲಾಳಿ ಹಾರ್ತು, ಅಷ್ಟೇ ತಾನೆ?"

ಗಂಟಲಿನಲ್ಲಿ ಏನೋ ಕೆರೆಯಿತು, ಬಹಳ ದಿನ ನಿಂತ ಮಗ್ಗ ಎರಡು ಸಲ ಕೆಮ್ಮಿದ ಹಾಗೆ. ಅಮ್ಮನ ಕೈ ಅವಳ ಪಾದದ ಮೇಲಿತ್ತು. ಅವಳು ಸಾಹೇಬರನ್ನು ಬಿಟ್ಟು, ಪೆಟ್ಟಿಗೆಯೊಳಗೆ ಬಿದ್ದುಕೊಂಡಿದ್ದ ಲಾಳಿಯನ್ನು ನೋಡಿದಳು.

"ಅವತ್ತು ಒಂದು ಮಗ್ಗಾನೂ ಓಡ್ಲಿಲ್ಲ."